ಹೆಸರು ಯಾರ ಸೊತ್ತು?

ಹೆಬ್ಬೂರು ಸೀಮೆಯಲ್ಲಿ ಜಾತ್ರೆಗೂ ತಮಟೆ ಬೇಕು, ಸಾವಿಗೂ ತಮಟೆ ಬೇಕು. ‘ತಮಟೆಯೋರು ಬಂದ್ರಾ?’ ಅಂತ ಊರು ಕೇಳುತ್ತದೆ. ‘ಯಾವ ತಂಡ?’ ಅಂತ ಕೇಳುವುದಿಲ್ಲ. ಜಾತಿಯೇ ತಂಡದ ಹೆಸರು, ಕೇರಿಯೇ ವಿಳಾಸ. ಅಪ್ಪನ ಕೈ ಸೋತರೆ ಮಗ ಬರುತ್ತಾನೆ. ಆಳು ಬದಲಾದರೂ ಹೆಸರು ಬದಲಾಗದು. ಯಾಕೆಂದರೆ ಆ ಹೆಸರು ಇಟ್ಟವರು ಬಾರಿಸುವವರಲ್ಲ.

ಈಗ ನಮ್ಮ ಹುಡುಗರು ತಮಟೆಯ ಜೊತೆ ಗಿಟಾರು, ಕೀಬೋರ್ಡು ಇಟ್ಟುಕೊಂಡು ತಾವೇ ತಂಡ ಕಟ್ಟುತ್ತಿದ್ದಾರೆ. ಕಟ್ಟುವಾಗ ಹೆಸರಿಗೆ ಚರ್ಚೆ, ಒಡೆಯುವಾಗ ಹೆಸರಿಗೇ ಜಗಳ. ಇದನ್ನು ಹುಡುಗಾಟವೆಂದು ತಳ್ಳಿಹಾಕುವವರು ಹೆಸರಿನ ರಾಜಕೀಯವನ್ನು ಅರಿಯದವರು.

ನಮ್ಮ ಪಕ್ಕದ ಗುಬ್ಬಿಯನ್ನೇ ನೋಡೋಣ. ಅಲ್ಲಿನ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬರಂಥವರು ಕೂಡಿ ಕಟ್ಟಿದ್ದು. ವೀರಣ್ಣನವರು ಹುಟ್ಟಿದ್ದೇ 1891ರಲ್ಲಿ. ಕಂಪನಿಯ ಒಡೆತನ ಅವರ ಕೈಗೆ ಬಂದದ್ದು 1917ರಲ್ಲಿ. ಅವರ ಪ್ರತಿಭೆ, ಸಾಹಸ ದೊಡ್ಡವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜನರ ಬಾಯಲ್ಲಿ ಅದು ‘ಗುಬ್ಬಿ ವೀರಣ್ಣನ ಕಂಪನಿ’ಯಾಗಿ ಉಳಿಯಿತು. ಕಟ್ಟಿದವರ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತು? ಪರದೆ ಎಳೆದವರು, ಗಾಡಿಗೆ ಸಾಮಾನು ಹೇರಿದವರು ಯಾವ ಚರಿತ್ರೆಯಲ್ಲಿದ್ದಾರೆ?

ರಾಕ್ ಸಂಗೀತದ ಕತೆಯೂ ಬೇರೆಯಲ್ಲ. 1998ರಲ್ಲಿ ಶುರುವಾದ ‘ಅಂತರಾಗ್ನಿ’ ಕನ್ನಡದ ಹಾಡನ್ನು ರಾಕ್‌ಗೆ ತಂದ ತಂಡಗಳಲ್ಲೊಂದು. 2008ರಲ್ಲಿ ಮೊದಲ ಆಲ್ಬಮ್ ಬರುವ ಹೊತ್ತಿಗೆ ಅದು ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಆಗಿತ್ತು. ಶಿಶುನಾಳ ಷರೀಫರ ತತ್ವಪದಗಳು ಆ ತಂಡದಿಂದ ಹೊಸ ಕಿವಿಗಳಿಗೆ ಮುಟ್ಟಿದವು, ಸಂತೋಷ. ಕಲಾವಿದರು ಬರಲಿ, ಹೋಗಲಿ, ಬಾಗಿಲು ತೆರೆದಿದೆ ಎನ್ನುವುದು ಅದರ ಪದ್ಧತಿ. ಆದರೆ ಬಾಗಿಲ ಮೇಲಿನ ಹೆಸರು ಒಬ್ಬರದೇ. ಇದು ಒಬ್ಬ ಗಾಯಕನ ಮೇಲಿನ ದೂರಲ್ಲ. ಮಾರುಕಟ್ಟೆಗೆ ಗುಂಪು ಬೇಡ, ಒಂದು ಮುಖ ಬೇಕು.

ಇಂಗ್ಲೆಂಡಿನಲ್ಲಿ ಕೆಲಸವಿಲ್ಲದ ಹುಡುಗರ ಸಿಟ್ಟಿಗೆ ದನಿಯಾದದ್ದು ‘ಪಂಕ್’. 1975ರಲ್ಲಿ ಕೂಡಿದ ಸೆಕ್ಸ್ ಪಿಸ್ಟಲ್ಸ್ ತಂಡ 1978ರ ಜನವರಿಯಲ್ಲಿ ಒಡೆಯಿತು. ಮ್ಯಾನೇಜರಿನ ಜೊತೆ ವ್ಯಾಜ್ಯ ಕೋರ್ಟು ಹತ್ತಿ, ಹಕ್ಕು ಹಾಡಿದವರ ಕೈಗೆ ಬಂದದ್ದು 1986ರಲ್ಲಿ. ವ್ಯವಸ್ಥೆಗೆ ಉಗಿದವರೂ ತಮ್ಮದೇ ಹೆಸರಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು! ಜಾಯ್ ಡಿವಿಷನ್ ತಂಡದವರು ಬೇರೆ ದಾರಿ ಹಿಡಿದರು. 1980ರಲ್ಲಿ ಗಾಯಕ ಇಯಾನ್ ಕರ್ಟಿಸ್ ಪ್ರಾಣ ಕಳೆದುಕೊಂಡಾಗ ಉಳಿದವರು ಹಳೆಯ ಹೆಸರನ್ನು ಮಾರಿಕೊಳ್ಳಲಿಲ್ಲ. ‘ನ್ಯೂ ಆರ್ಡರ್’ ಎಂದು ಹೊಸದಾಗಿ ಶುರುಮಾಡಿದರು. ಹೋದವನಿಗೆ ಅದು ಮರ್ಯಾದೆ. ಆದರೆ ಆ ಹಳೆಯ ಹೆಸರು ನಾಜಿ ಶಿಬಿರದಲ್ಲಿ ಹೆಣ್ಣುಮಕ್ಕಳನ್ನು ಹುರಿದು ಮುಕ್ಕಿದ ಕತೆಯಿರುವ ಕಾದಂಬರಿಯಿಂದ ಎತ್ತಿಕೊಂಡದ್ದು. ಇನ್ನೊಬ್ಬರ ನೋವನ್ನು ಅಂಗಿಯಂತೆ ತೊಡುವುದು ಬಂಡಾಯವಾಗುತ್ತದೆಯೇ? ನಾವು ಒಪ್ಪುವುದಿಲ್ಲ.

2017ರಲ್ಲಿ ಚೆನ್ನೈನಲ್ಲಿ ಪಾ. ರಂಜಿತ್, ತೆನ್ಮಾ ಮುಂತಾದವರು ಕಟ್ಟಿದ ‘ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ನಮಗೆ ಮುಖ್ಯವಾಗುವುದು ಇಲ್ಲೇ. ಕೇರಿಯ ಗಾನಾ ಹಾಡು, ಪರೈ, ರಾಕ್, ರ‍್ಯಾಪ್ ಒಂದೇ ವೇದಿಕೆಗೆ ಬಂದವು. ‘ಜಾತಿಯಿಲ್ಲದ ತಮಿಳರು’ ಎಂದ ಅಯೋತಿ ದಾಸರ ಮಾತಿನಿಂದ ಆ ಹೆಸರು ಬಂತು. ಅದು ಒಬ್ಬ ನಾಯಕನ ಹೆಸರಲ್ಲ, ಮೇಲಿನವರು ಅಂಟಿಸಿದ ಹೆಸರೂ ಅಲ್ಲ.

ಹೆಬ್ಬೂರಿನ ಹುಡುಗರಿಗೆ, ಅವರ ಬೆನ್ನಿಗಿರುವ ಮೇಷ್ಟರುಗಳಿಗೆ ನಾವು ಹೇಳುವುದಿಷ್ಟು. ತಂಡ ಒಡೆಯಬಹುದು, ಅದೇನೂ ಪಾಪವಲ್ಲ. ಹೊಟ್ಟೆಪಾಡಿಗೆ ಒಬ್ಬ ಬೆಂಗಳೂರು ಬಸ್ಸು ಹತ್ತುತ್ತಾನೆ, ಒಬ್ಬಳನ್ನು ಮದುವೆ ಮಾಡಿ ಕಳಿಸುತ್ತಾರೆ. ಆದರೆ ಕಟ್ಟುವ ದಿನವೇ ಒಂದು ಹಾಳೆಯಲ್ಲಿ ಬರೆದಿಡಿ: ಹೆಸರು ಎಲ್ಲರದು, ಬಂದ ದುಡ್ಡು ಸಮಪಾಲು, ಬಿಟ್ಟುಹೋದವರ ಹೆಸರು ಅಳಿಸಬಾರದು. ಕರಪತ್ರದಲ್ಲಿ ಹಾಡುವವನ ಹೆಸರಿನಷ್ಟೇ ದಪ್ಪಕ್ಷರದಲ್ಲಿ ತಮಟೆ ಕಾಯಿಸಿದವನ ಹೆಸರೂ ಇರಲಿ. ನೂರಾರು ವರ್ಷ ಹೆಸರಿಲ್ಲದೆ ಬಾರಿಸಿದ ಕೈಗಳ ಸಾಲ ಹಾಗಲ್ಲದೆ ತೀರುವುದಿಲ್ಲ.