ಕಟ್ಟಿಹಾಕಿದ ಹನುಮನಲ್ಲ

ಹಂಪಿಯ ಯಂತ್ರೋದ್ಧಾರಕ ಹನುಮಂತನ ಖ್ಯಾತಿ ದೊಡ್ಡದು. ಅದಕ್ಕೆ ಜನ ಕೊಡುವ ಕಾರಣ ಮಾತ್ರ ಸಣ್ಣದು. ತಪ್ಪಿಸಿಕೊಂಡು ಹೋಗುತ್ತಿದ್ದ ಹನುಮನನ್ನು ವಿಜಯನಗರದ ಮಾಧ್ವ ಯತಿ ವ್ಯಾಸರಾಯರು ಯಂತ್ರದೊಳಗೆ ಕಟ್ಟಿಹಾಕಿದರು, ಕಟ್ಟುಬಿದ್ದ ದೇವರು ಬೇಡಿದ್ದನ್ನು ಕೊಡದೆ ವಿಧಿಯಿಲ್ಲ ಎಂಬುದು ಆ ಕಾರಣ. ಹೊಸಪೇಟೆ, ಕಂಪ್ಲಿ, ಸಂಡೂರುಗಳ ಕಡೆಯಿಂದ ಹರಕೆ ಹೊತ್ತು ಬರುವವರಲ್ಲಿ ಬಹಳ ಮಂದಿ ಈ ಮಾತನ್ನು ನಂಬಿಯೇ ಮೆಟ್ಟಿಲು ಹತ್ತುತ್ತಾರೆ. ಅವರ ಭಕ್ತಿಯ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಆ ಭಕ್ತಿಗೆ ಅಂಟಿಸಿದ ವ್ಯಾಖ್ಯಾನದ ಬಗ್ಗೆ. ಮಂತ್ರ ಯಂತ್ರಗಳ ಸಾಧನೆಯಲ್ಲಿ ಸಾಧಕನ ಮನಸ್ಸು ಹೇಗೆ ಹದಗೊಂಡಿರಬೇಕು ಎಂಬ ಪ್ರಶ್ನೆಗೆ ಕನ್ನಡ ನಾಡು ಕೊಟ್ಟ ಸೂಕ್ಷ್ಮ ಉತ್ತರಗಳಲ್ಲಿ ಒಂದು ತುಂಗಭದ್ರೆಯ ಚಕ್ರತೀರ್ಥದ ಪಕ್ಕದ ಆ ಗುಡ್ಡದ ಮೇಲಿದೆ. ಶಕ್ತಿಯ ಮಾತು ಆ ಉತ್ತರವನ್ನು ಮುಚ್ಚಿಹಾಕಿದೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. ವ್ಯಾಸರಾಯರು ಬಂಡೆಯ ಮೇಲೆ ಇದ್ದಿಲಿನಿಂದ ಹನುಮನನ್ನು ಬರೆದು ಧ್ಯಾನಕ್ಕೆ ಕೂರುತ್ತಿದ್ದರು. ಬರೆದ ಚಿತ್ರ ಜೀವಂತ ಕಪಿಯಾಗಿ ನೆಗೆದು ಹೋಗುತ್ತಿತ್ತು. 12 ದಿನ ಹೀಗೇ ನಡೆಯಿತು. ಕೊನೆಗೆ ಷಟ್ಕೋಣದ ಯಂತ್ರ ಬರೆದು, ಬೀಜಾಕ್ಷರಗಳನ್ನಿಟ್ಟು, ನಡುವೆ ಹನುಮನನ್ನು ಬರೆದರು. ಅವನು ನೆಲೆನಿಂತ. ವಿಗ್ರಹದ ಸುತ್ತ ಒಂದರ ಬಾಲವನ್ನೊಂದು ಹಿಡಿದು ಬಳೆಯಾಗಿರುವ ಕಪಿಗಳನ್ನು ಆ 12 ದಿನಗಳ ಗುರುತೆಂದು ತೋರಿಸುತ್ತಾರೆ.

ಈ ಕಥೆಯಲ್ಲಿ ಹೇಳುವವರೂ ಕೇಳುವವರೂ ದಾಟಿಹೋಗುವ ಸಂಗತಿಯೊಂದಿದೆ. ಆ 12 ದಿನಗಳಲ್ಲಿ ಒಂದು ದಿನವೂ ಆವಾಹನೆ ಸೋತಿಲ್ಲ. ಬರೆದಾಗಲೆಲ್ಲ ಹನುಮ ಬಂದಿದ್ದಾನೆ. ಇದ್ದಿಲ ಗೆರೆಗೆ ಜೀವ ಬರುವುದಕ್ಕಿಂತ ದೊಡ್ಡ ಸಿದ್ಧಿ ಯಾವ ಮಾಂತ್ರಿಕನಿಗೆ ಬೇಕು? ಬೇರೆ ಕಥೆಯಾಗಿದ್ದರೆ ಮೊದಲ ದಿನಕ್ಕೇ ಮಂಗಳ ಹಾಡುತ್ತಿತ್ತು. ಈ ಕಥೆ ಅಲ್ಲಿಂದಲೇ ಶುರುವಾಗುತ್ತದೆ. ಬಂದವನು ನಿಲ್ಲುವುದಿಲ್ಲ ಎಂಬುದು ಇದರ ಸಂಕಟ. ಕರೆಯಬಲ್ಲ ಮನಸ್ಸಿಗೆ ಇರಿಸಿಕೊಳ್ಳಲು ಇನ್ನೂ ಬಂದಿಲ್ಲ. ನಮ್ಮ ಮಾಂತ್ರಿಕ ಕಥೆಗಳಲ್ಲಿ ಬಹುಪಾಲು ಬರಮಾಡುವ ವಿದ್ಯೆಯ ಕಥೆಗಳು. ಇರಗೊಡುವ ವಿದ್ಯೆಯ ಕಥೆ ಇದು.

ಹಾಗಾದರೆ ಯಂತ್ರ ಮಾಡಿದ್ದೇನು? ಬಂಧಿಸಿತು ಎನ್ನುವವರು ವ್ಯಾಸರಾಯರ ಸಿದ್ಧಾಂತವನ್ನೇ ಮರೆತಿದ್ದಾರೆ. ಮಾಧ್ವ ಮತದಲ್ಲಿ ಸ್ವತಂತ್ರನಾದವನು ವಿಷ್ಣು ಒಬ್ಬನೇ, ಉಳಿದದ್ದೆಲ್ಲ ಪರತಂತ್ರ. ಜೀವರಲ್ಲಿ ತಾರತಮ್ಯವಿದೆ, ಆ ಸಾಲಿನ ತುದಿಯಲ್ಲಿ ಮುಖ್ಯಪ್ರಾಣನೆನಿಸಿದ ವಾಯು ಜೀವೋತ್ತಮನಾಗಿ ನಿಂತಿದ್ದಾನೆ. ಹನುಮ, ಭೀಮ, ಮಧ್ವ ಮೂವರೂ ಅವನ ಅವತಾರಗಳು. ಮಧ್ವಪೀಠದಲ್ಲಿ ಕುಳಿತ ಯತಿ ತನಗಿಂತ ಎಷ್ಟೋ ಮೇಲಿನ ಮುಖ್ಯಪ್ರಾಣನನ್ನು ಆರು ಕೋನದ ಗೆರೆಯಲ್ಲಿ ಸೆರೆಹಿಡಿದ ಎಂದರೆ ಅದು ಸ್ತುತಿಯಾಗುವುದಿಲ್ಲ, ಅಪಚಾರವಾಗುತ್ತದೆ. ‘ನ್ಯಾಯಾಮೃತ’ ಬರೆದು ಅದ್ವೈತಿಗಳ ಒಂದೊಂದು ವಾದವನ್ನೂ ಜರಡಿ ಹಿಡಿದ ತಾರ್ಕಿಕ ತನ್ನ ಮತದ ಮೂಲಪ್ರಮೇಯವನ್ನೇ ಬಂಡೆಯ ಮೇಲೆ ಅಳಿಸಿದ ಎಂದು ನಂಬಲು ನಾನು ಸಿದ್ಧನಿಲ್ಲ.

ಯಂತ್ರ ಇಲ್ಲಿ ಪೀಠ. ಪೂಜಾವಿಧಿಯ ಕ್ರಮವನ್ನೇ ನೋಡಿ. ಜಪಕ್ಕೆ ಮೊದಲು ನ್ಯಾಸ: ಮಂತ್ರದ ಋಷಿಯನ್ನು ನೆನೆದು ತಲೆ ಮುಟ್ಟಿಕೊಳ್ಳಬೇಕು, ಛಂದಸ್ಸಿಗೆ ಬಾಯಿ, ದೇವತೆಗೆ ಹೃದಯ. ಕೇಳಿದವನು, ನುಡಿದ ಲಯ, ನೆಲೆಸುವವನು ಮೂವರಿಗೂ ಮೈಯಲ್ಲಿ ಜಾಗ ಮಾಡಿಕೊಟ್ಟ ಮೇಲೆಯೇ ಧ್ಯಾನ, ಆಮೇಲೆ ಜಪ. ಮಾಧ್ವರ ಪೂಜೆಯಲ್ಲಿ ಪ್ರತಿಮೆಗೆ ಆವಾಹಿಸುವ ದೇವರು ಹೊರಗಿನಿಂದ ಬರುವವನೂ ಅಲ್ಲ. ಸಾಧಕನ ಹೃದಯದಲ್ಲಿರುವ ಬಿಂಬಮೂರ್ತಿಯನ್ನೇ ಪ್ರತಿಮೆಯಲ್ಲಿ ಚಿಂತಿಸಬೇಕು. ಮೊದಲ 12 ದಿನ ವ್ಯಾಸರಾಯರು ಅತಿಥಿಯನ್ನು ಬರೆದರು. ಮರುದಿನ ಮೊದಲು ಮಣೆ ಹಾಕಿ ಆಮೇಲೆ ಅತಿಥಿಯನ್ನು ಬರೆದರು. ಕಥೆಯ ತಿರುವು ಇಷ್ಟೇ. ಈ ಇಷ್ಟರಲ್ಲಿ ಇಡೀ ಸಾಧನಾಶಾಸ್ತ್ರವಿದೆ.

ವಿಗ್ರಹವೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ವ್ಯಾಸರಾಯರು 732 ಹನುಮರನ್ನು ಪ್ರತಿಷ್ಠಿಸಿದರೆಂಬುದು ಸಂಪ್ರದಾಯದ ಲೆಕ್ಕ. ಅವರ ಹೆಸರಿಗೆ ಸಲ್ಲುವ ಪ್ರಾಣದೇವರುಗಳಲ್ಲಿ ಹೆಚ್ಚಿನವು ನಡೆಯುವ ಭಂಗಿಯವು: ಒಂದು ಕೈ ಮೇಲೆತ್ತಿ, ಬಾಲವನ್ನು ತಲೆಯ ಮೇಲಕ್ಕೆ ಬಳಸಿ, ಹೆಜ್ಜೆ ಕಿತ್ತಿಟ್ಟವು. ಇಲ್ಲಿ ಮಾತ್ರ ಹನುಮ ಪದ್ಮಾಸನ ಹಾಕಿ ಕೂತಿದ್ದಾನೆ. ಸೆರೆಯಾದವನ ಬಿಗುವು ಆ ಕೂರುವಿಕೆಯಲ್ಲಿಲ್ಲ, ಧ್ಯಾನಿಯ ನೆಮ್ಮದಿಯಿದೆ. ಯಾವ ಸ್ಥಿತಿಯಲ್ಲಿ ಕೂತು ಯತಿ ಅವನನ್ನು ಕರೆದರೋ ಅದೇ ಸ್ಥಿತಿಯಲ್ಲಿ ಅವನೂ ಕೂತ. ಸಾಧಕನಿಗೂ ಸಾಧ್ಯನಿಗೂ ಒಂದೇ ಆಸನ ಒದಗಿದ್ದು ಈ ಶಿಲ್ಪದ ಹೆಚ್ಚುಗಾರಿಕೆ.

ಇನ್ನು ವ್ಯಾಸರಾಯರ ಹೆಸರಿನಲ್ಲಿ ದಿನನಿತ್ಯ ಪಠಿಸುವ ಯಂತ್ರೋದ್ಧಾರಕ ಹನುಮತ್ ಸ್ತೋತ್ರ. ಚಿಕ್ಕದೆಂಬ ಕಾರಣಕ್ಕೋ ಏನೋ, ಕನ್ನಡದ ಗಂಭೀರ ವಿಮರ್ಶೆ ಇದರ ಕಡೆ ತಿರುಗಿ ನೋಡಿದ್ದು ಕಡಿಮೆ. ಕಟ್ಟಿಹಾಕಿದ ಪ್ರತಾಪ ಈ ಸ್ತೋತ್ರದಲ್ಲಿಲ್ಲ. ರಾಮನ ದೂತನಿಗೆ ನಮಸ್ಕಾರದಿಂದ ಅದು ಆರಂಭವಾಗುತ್ತದೆ. ಆಮೇಲೆ ದುಂಡಗೆ ತುಂಬಿದ ತೋಳುಗಳು, ಕಿವಿಯ ರತ್ನಕುಂಡಲ. ಕಣ್ಣು ಮೈಯ ಮೇಲೆ ನಿಧಾನವಾಗಿ ಆಡಿದ ಬಳಿಕ ಸ್ತೋತ್ರ ತಟಕ್ಕನೆ ಜಾಗಕ್ಕೆ ತಿರುಗುತ್ತದೆ. ಚಕ್ರತೀರ್ಥದ ದಕ್ಷಿಣಕ್ಕಿರುವ ಗುಡ್ಡ ಬರುತ್ತದೆ, ಅದರ ಹಿಂದೆಯೇ ತುಂಗೆಯ ತೆರೆಗಳ ಮೇಲಿಂದ ಬೀಸುವ ಗಾಳಿ ಬರುತ್ತದೆ.

ಈ ಗಾಳಿಯ ಬಳಿ ನಾವು ನಿಲ್ಲಬೇಕು. ಸ್ಥಳವರ್ಣನೆಯ ಒಂದು ವಾಡಿಕೆ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಸ್ತೋತ್ರ ಯಾರದು? ವಾಯುಪುತ್ರನದು, ಮಾಧ್ವರ ಪಾಲಿಗೆ ವಾಯುವಿನದೇ. ಅಲ್ಲಿಯವರೆಗೆ ಸಾಧಕ ದೇವರನ್ನು ಕಾಣುತ್ತಿದ್ದ. ಕಾಣುವುದರಲ್ಲಿ ಅವನದೇ ಪ್ರಯತ್ನವಿತ್ತು, ತೋಳಾದ ಮೇಲೆ ಕುಂಡಲವನ್ನು ಅವನೇ ಜೋಡಿಸಿಕೊಳ್ಳುತ್ತಿದ್ದ. ಗಾಳಿಯನ್ನು ಯಾರೂ ಜೋಡಿಸಿಕೊಳ್ಳಲಾಗದು. ಅದು ಬಂದು ಮೈಗೆ ತಾಗಬೇಕು. ನದಿಯ ದಂಡೆಯ ಆ ಬಂಡೆಯ ಮೇಲೆ ಕೂತು ಪಠಿಸುವವನ ಚರ್ಮಕ್ಕೆ ಆ ಸಾಲು ಬರುವ ಹೊತ್ತಿಗೆ ಗಾಳಿ ನಿಜವಾಗಿಯೂ ತಾಗುತ್ತಿರುತ್ತದೆ. ವರ್ಣಿಸುತ್ತಿದ್ದ ದೇವರು ವರ್ಣನೆಯ ಹೊರಗೆ, ಮೈಮೇಲೆ ಇದ್ದಾನೆ. ಕಲ್ಪಿಸುವ ಮನಸ್ಸನ್ನು ಸ್ತೋತ್ರ ಇಲ್ಲಿ ಸ್ವೀಕರಿಸುವ ಮನಸ್ಸಾಗಿ ಮಗುಚುತ್ತದೆ. ಸಂಸ್ಕೃತದ ಎಷ್ಟೋ ದೊಡ್ಡ ಸ್ತೋತ್ರಗಳು ಅಲಂಕಾರಗಳನ್ನು ಪೇರಿಸಿಯೂ ಮಾಡಲಾಗದ ಕೆಲಸ ಇದು. ನಾನಾ ದೇಶದ ಸಜ್ಜನರು, ಅರಸರು, ಧೂಪ ದೀಪ ನೈವೇದ್ಯ ಎಲ್ಲ ಬರುವುದು ಇದರ ನಂತರ. ಜಾಗ ಸಿದ್ಧವಾಗಿ, ಗಾಳಿ ತಾಗಿದ ಮೇಲೆಯೇ ಜನ ಬರುತ್ತಾರೆ.

ಈ ಓದಿಗೆ ಮಾಧ್ವರ ಇನ್ನೊಂದು ನಂಬಿಕೆ ಬೆಂಬಲವಾಗಿದೆ. ಪ್ರತಿ ಜೀವಿಯೊಳಗೂ ಮುಖ್ಯಪ್ರಾಣ ಉಸಿರಿನ ರೂಪದಲ್ಲಿ ದಿನಕ್ಕೆ 21,600 ಬಾರಿ ಹಂಸಮಂತ್ರವನ್ನು ಜಪಿಸುತ್ತಾನೆ. ಹಾಗಾದರೆ ಸಾಧಕ ಕೂತು ಮಾಡುವ 108ರ ಜಪ ಹೊಸ ಜಪವೇನಲ್ಲ. ಆಗಲೇ ನಡೆಯುತ್ತಿರುವ ಜಪಕ್ಕೆ ಕಿವಿಗೊಡುವುದು ಅದು. ಕಿವಿಗೊಡಲು ಶಕ್ತಿ ಬೇಕಿಲ್ಲ, ತೆರವು ಬೇಕು.

ಇಂದಿನ ಆಚರಣೆ ಈ ತೆರವನ್ನು ಕಳೆದುಕೊಂಡಿದೆ. ಸ್ತೋತ್ರದ ಕೊನೆಯ ಫಲಶ್ರುತಿ ಮಾತ್ರ ಗಟ್ಟಿಯಾಗಿ ಉಳಿದಿದೆ. ದಿನಕ್ಕೆ ಮೂರು ಸಲ ಓದಿದರೆ ಆರು ತಿಂಗಳೊಳಗೆ ಇಷ್ಟಾರ್ಥ; ಮಗ ಬೇಕಾದವನಿಗೆ ಮಗ, ವಿದ್ಯೆ ಬೇಕಾದವನಿಗೆ ವಿದ್ಯೆ, ಹಣ ಬೇಕಾದವನಿಗೆ ಹಣ. ಎಣಿಕೆಗೆ ತನ್ನದೇ ಗುಣವಿದೆ, ಅಲೆಯುವ ಮನಸ್ಸನ್ನು ಅದು ಒಂದೆಡೆ ಕೂರಿಸುತ್ತದೆ. ಕಷ್ಟದಲ್ಲಿರುವವರು ಬೇಡಿಕೊಳ್ಳುವುದೂ ತಪ್ಪಲ್ಲ. ಆದರೆ ಕೊನೆಯ ಸಾಲಿನ ಮೇಲೆ ಕಣ್ಣಿಟ್ಟು ಓದುವವನಿಗೆ ಗಾಳಿಯ ಸಾಲು ದಾರಿಯಲ್ಲಿ ಸಿಕ್ಕೂ ಸಿಗುವುದಿಲ್ಲ. ಫಲಶ್ರುತಿಗೆ ಮತ್ತೊಂದು ಕೊರತೆಯೂ ಇದೆ: ಅದು ದ್ವಿಜನನ್ನು ಉದ್ದೇಶಿಸಿ ನುಡಿಯುತ್ತದೆ. ಗಾಳಿಗೂ ಉಸಿರಿಗೂ ಆ ಬೇಲಿಯಿಲ್ಲ. ಸ್ತೋತ್ರದ ನಡುಭಾಗ ಅದರ ಕೊನೆಗಿಂತ ಉದಾರವಾಗಿದೆ.

ಭಕ್ತರಿಗಿಂತ ಹೆಚ್ಚಿನ ಹೊಣೆ ವಿದ್ವಾಂಸರದು. ಇತಿಹಾಸ ಬರೆಯುವವರು ವ್ಯಾಸರಾಯರನ್ನು ಎರಡಾಗಿ ಸೀಳಿದ್ದಾರೆ. ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ 1926ರಲ್ಲಿ ಅಚ್ಚಾದ ಮೇಲೆ ವಾದಿಯಾದ, ರಾಜಗುರುವಾದ, ಮಠಾಧಿಪತಿಯಾದ ವ್ಯಾಸರಾಯರ ಚಿತ್ರ ಸ್ಪಷ್ಟವಾಗುತ್ತ ಬಂತು. ಇದ್ದಿಲು ಹಿಡಿದ ವ್ಯಾಸರಾಯರು ಐತಿಹ್ಯದ ಮೂಲೆಗೆ ಸರಿದರು. ಹನುಮ ಪ್ರತಿಷ್ಠೆಗಳನ್ನು ಸಾಮ್ರಾಜ್ಯದ ಗಡಿ, ದಾರಿ, ಕೋಟೆಗಳ ಲೆಕ್ಕದಲ್ಲಿ ವಿವರಿಸಿದರೆ ಕೆಲಸ ಮುಗಿಯಿತೆಂಬ ಭಾವನೆ ಬೆಳೆಯಿತು. ಆ ವಿವರಣೆ 731 ಹನುಮರಿಗೆ ಸಾಕಾದೀತು, ಕೂತ ಈ ಒಬ್ಬನಿಗೆ ಸಾಲದು. ದಾಸಸಾಹಿತ್ಯದ ವಿಮರ್ಶಕರದು ಇನ್ನೊಂದು ಬಗೆಯ ಸಂಕೋಚ. ಭಕ್ತಿಯನ್ನು ಶುದ್ಧವಾಗಿಡುವ ಆತುರದಲ್ಲಿ ಯಂತ್ರ, ಬೀಜಾಕ್ಷರ, ನ್ಯಾಸಗಳನ್ನು ಅವರು ಪುರೋಹಿತರ ಪಾಲಿಗೆ ಬಿಟ್ಟುಬಿಟ್ಟರು. ಮಧ್ವಾಚಾರ್ಯರೇ ‘ತಂತ್ರಸಾರಸಂಗ್ರಹ’ ಬರೆದಿದ್ದಾರೆಂಬುದನ್ನು ನೆನೆದರೆ ಈ ಸಂಕೋಚಕ್ಕೆ ಆಧಾರವಿಲ್ಲ.

ಇದಕ್ಕಿಂತ ಗಟ್ಟಿಯಾದ ಜಗಳ ವಚನಕಾರ ಅಲ್ಲಮನ ಹೆಸರು ಹೇಳಿ ಮಾಂತ್ರಿಕತೆಯನ್ನೇ ತಿರಸ್ಕರಿಸುವವರ ಜೊತೆಗಿದೆ. ಅವರ ಮುಖ್ಯ ಸಾಕ್ಷಿ ಇದೇ ವಿಜಯನಗರದಲ್ಲಿ, ಪ್ರೌಢದೇವರಾಯನ ಕಾಲದಲ್ಲಿ ಚಾಮರಸ ಬರೆದ ‘ಪ್ರಭುಲಿಂಗಲೀಲೆ’ಯ ಗೋರಕ್ಷ ಪ್ರಸಂಗ. ವಜ್ರಕಾಯನಾದ ನಾಥಸಿದ್ಧ ಗೋರಕ್ಷನಿಗೆ ಕತ್ತಿ ಬೀಸಿದರೆ ಸದ್ದು ಹೊರಡುತ್ತದೆ, ಕೂದಲೂ ಕೊಂಕುವುದಿಲ್ಲ. ಅದೇ ಕತ್ತಿಯನ್ನು ಅಲ್ಲಮನಿಗೆ ಬೀಸಿದರೆ ಬಯಲಲ್ಲಿ ಆಡಿದಂತೆ ಹಾದುಹೋಗುತ್ತದೆ. ಶರಣರು ಸಿದ್ಧಿಯನ್ನು ಸೋಲಿಸಿದರು ಎಂದು ಇದನ್ನು ಓದಿ ಮುಗಿಸುವವರ ಸಾಲು ಉದ್ದವಿದೆ. ಅಲ್ಲಮನನ್ನು ವಿಶಾಲ ಶೈವ ಚಿಂತನೆಯ ನಡುವೆ ಇಟ್ಟು ನೋಡಿದ ಡಿ. ಆರ್. ನಾಗರಾಜರ ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’, ನಾಥರ ಜೀವಂತ ಪರಂಪರೆಯನ್ನು ಹುಡುಕಿಕೊಂಡು ಹೋದ ರಹಮತ್ ತರೀಕೆರೆಯವರ ‘ಕರ್ನಾಟಕದ ನಾಥಪಂಥ’ ಬಂದ ಮೇಲೂ ಆ ಓದು ಹಾಗೇ ಮುಂದುವರಿದಿರುವುದು ಬೇಸರದ ಸಂಗತಿ. ಚಾಮರಸನ ಗೋರಕ್ಷ ಮೋಸಗಾರನಲ್ಲ, ಅವನ ಸಿದ್ಧಿ ಸುಳ್ಳೂ ಅಲ್ಲ. ಅವನ ತೊಡಕು ಅವನ ಗಟ್ಟಿತನ. ಕತ್ತಿ ಒಳಗೆ ಹೋಗದ ಮೈಗೆ ಮತ್ತೇನೂ ಒಳಗೆ ಹೋಗದು. ಅಲ್ಲಮನ ಮೈಯಲ್ಲಿ ತಡೆಯೇ ಇಲ್ಲ, ಆದ್ದರಿಂದ ಗಾಯವೂ ಇಲ್ಲ. ಪ್ರಸಂಗ ಮಾಂತ್ರಿಕತೆಯನ್ನು ಅಲ್ಲಗಳೆಯುತ್ತಿಲ್ಲ, ಅದರೊಳಗೇ ಎರಡು ಬಗೆಯ ಸಾಧಕರನ್ನು ಬೇರ್ಪಡಿಸುತ್ತಿದೆ. ಬಿಗಿಯುತ್ತ ಹೋದವನು ಒಬ್ಬ, ತೆರವಾಗುತ್ತ ಹೋದವನು ಇನ್ನೊಬ್ಬ.

ಅಲ್ಲಮನ ಬಯಲೂ ವ್ಯಾಸರಾಯರ ಪೀಠವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಒಂದರಲ್ಲಿ ಕೂರುವವನೂ ಕೂರಿಸುವವನೂ ಕರಗುತ್ತಾರೆ. ಇನ್ನೊಂದರಲ್ಲಿ ಇಬ್ಬರೂ ಬೇರೆಯಾಗಿಯೇ ಉಳಿದು, ಒಬ್ಬ ಇನ್ನೊಬ್ಬನಿಗೆ ಜಾಗ ಕೊಡುತ್ತಾನೆ. ಸಿದ್ಧಾಂತದಲ್ಲಿ ಇವು ಎಂದೂ ಕೂಡಲಾರವು. ಆದರೂ ಒಂದೇ ರಾಜಧಾನಿಯಲ್ಲಿ, ಸುಮಾರು ನೂರು ವರ್ಷಗಳ ಒಳಗೆ, ಎರಡು ವಿರುದ್ಧ ಮತಗಳು ಒಂದೇ ತೀರ್ಮಾನಕ್ಕೆ ಬಂದವು: ಸಾಧಕನ ಬಲ ಅವನ ಹಿಡಿತದಲ್ಲಿಲ್ಲ.

ಈ ತೀರ್ಮಾನದ ಬೆಳಕಿನಲ್ಲಿ ಯಂತ್ರೋದ್ಧಾರಕನಿಗೆ ಮತ್ತೆ ಬೆಲೆಕಟ್ಟಬೇಕು. ಶಿಲ್ಪವಾಗಿ ಹಂಪಿಯಲ್ಲಿ ಇದಕ್ಕಿಂತ ನಯವಾದ ಕೆಲಸಗಳು ಬೇಕಾದಷ್ಟಿವೆ. ಸ್ತೋತ್ರಕ್ಕೆ ಕಾವ್ಯವೈಭವವಿಲ್ಲ. ಆದರೆ ಕಥೆ, ವಿಗ್ರಹ, ಸ್ತೋತ್ರ ಮೂರೂ ಸೇರಿ ಕಟ್ಟಿಕೊಡುವ ಸಾಧನೆಯ ವಿಚಾರ ವಿಜಯನಗರ ನಮಗೆ ಬಿಟ್ಟುಹೋದ ದೊಡ್ಡ ಆಸ್ತಿಗಳಲ್ಲಿ ಒಂದು. ಇಷ್ಟಾರ್ಥ ಕೊಡುವ ಹನುಮನೆಂದು ಅವನನ್ನು ಹೊಗಳುವವರು ಅವನ ಬೆಲೆಯನ್ನು ಇಳಿಸುತ್ತಿದ್ದಾರೆ, ಮೂಢನಂಬಿಕೆಯೆಂದು ಬದಿಗಿಡುವವರು ಓದದೆಯೇ ಅಂಕ ಹಾಕುತ್ತಿದ್ದಾರೆ. ಗುಡ್ಡ ಹತ್ತುವವರು ಫಲಶ್ರುತಿಯನ್ನು ಬಿಡಬೇಕಿಲ್ಲ. ಗಾಳಿಯ ಸಾಲಿನಲ್ಲಿ ನಿಂತು, ಅದು ತಾಗಿದ ಮೇಲೆ ಮುಂದಕ್ಕೆ ಹೋದರೆ ಸಾಕು. ವಿಮರ್ಶಕರು ಮಾಡಬೇಕಾದ್ದೂ ಅಷ್ಟೇ: ಪವಾಡ ನಡೆಯಿತೋ ಇಲ್ಲವೋ ಎಂಬ ವಿಚಾರಣೆಯನ್ನು ನಿಲ್ಲಿಸಿ, ಆ ಪವಾಡ ಎಂಥ ಮನಸ್ಸನ್ನು ಬೇಡುತ್ತದೆ ಎಂಬುದನ್ನು ಓದಲು ಕೂರಬೇಕು.