ಪಾಪದ ಪಾಲುದಾರರು

ಹದಿಹರೆಯದ ಮಗಳಿಗೆ ಕಾಲೇಜುಗಳನ್ನು ತೋರಿಸಲು ಅಪ್ಪ ಅವಳನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದಾನೆ. ಅಮೆರಿಕದ ಈಶಾನ್ಯ ತುದಿಯ ಮೇನ್ ರಾಜ್ಯ, ಬೇಟ್ಸ್, ಕೋಲ್ಬಿ, ಬೋಡನ್ ಎಂಬ ದೊಡ್ಡ ಹೆಸರಿನ ಕಾಲೇಜುಗಳು. ದಾರಿಯಲ್ಲಿ ಮಗಳು ಮೆಡೋ ಇದ್ದಕ್ಕಿದ್ದಂತೆ ಕೇಳುತ್ತಾಳೆ, ನೀನು ಮಾಫಿಯಾದವನೇ ಎಂದು. ಟೋನಿ ಸೊಪ್ರಾನೊ ಮೊದಲು ಸಿಡುಕಿ ಅಲ್ಲಗಳೆಯುತ್ತಾನೆ. ಸ್ವಲ್ಪ ಹೊತ್ತಿನ ನಂತರ, ತನ್ನ ದುಡ್ಡಿನಲ್ಲಿ ಒಂದಷ್ಟು ಅಕ್ರಮ ಜೂಜಿನಂಥ ಕಡೆಗಳಿಂದ ಬರುತ್ತದೆಂದು ಒಪ್ಪಿಕೊಳ್ಳುತ್ತಾನೆ. ಅಪ್ಪ ತನ್ನೊಂದಿಗೆ ನಿಜ ಮಾತಾಡಿದನೆಂದು ಮಗಳಿಗೆ ಸಂತೋಷ. ‘ದ ಸೊಪ್ರಾನೋಸ್’ ಧಾರಾವಾಹಿಯ ಐದನೆಯ ಕಂತು ‘ಕಾಲೇಜ್’, 1999ರ ಫೆಬ್ರವರಿ 7ರಂದು ಎಚ್‌ಬಿಒ ವಾಹಿನಿಯಲ್ಲಿ ಪ್ರಸಾರವಾಯಿತು. ಇಪ್ಪತ್ತೈದು ವರ್ಷಗಳಿಂದ ಕಿರುತೆರೆಯನ್ನು ಆಳುತ್ತಿರುವ ಪಾತಕಿ ನಾಯಕರ ಪರಂಪರೆಗೆ ಬುನಾದಿ ಬಿದ್ದದ್ದು ಈ ಕಂತಿನಲ್ಲಿ. ಆ ಪರಂಪರೆ ಇದರಿಂದ ಕಲಿಯಬೇಕಾದದ್ದನ್ನು ಬಿಟ್ಟು, ಬಿಡಬೇಕಾದದ್ದನ್ನು ಹಿಡಿದುಕೊಂಡಿತು ಎಂಬುದು ನನ್ನ ವಾದ.

ಕಾರಿನೊಳಗಿನ ಆ ಪ್ರಶ್ನೆಗೆ ಹಿಂದಿನದೊಂದು ಚರಿತ್ರೆಯಿದೆ. 1931ರಲ್ಲಿ ‘ಲಿಟಲ್ ಸೀಸರ್’ ಮತ್ತು ‘ದ ಪಬ್ಲಿಕ್ ಎನಿಮಿ’ ಚಿತ್ರಗಳು ಪಾತಕಿಯನ್ನು ಬೆಳೆಸಿ, ಕೊನೆಗೆ ಕೊಂದು, ಪ್ರೇಕ್ಷಕನಿಗೆ ನಿರಾಳವಾಗಿ ಮನೆಗೆ ಹೋಗುವ ಅವಕಾಶ ಕೊಟ್ಟವು. 1934ರಿಂದ ಹಾಲಿವುಡ್‌ನ ನೀತಿಸಂಹಿತೆ ಬಿಗಿಯಾಗಿ ಜಾರಿಗೆ ಬಂದ ಮೇಲೆ ಅಪರಾಧಿಯತ್ತ ಸಹಾನುಭೂತಿ ಹುಟ್ಟಿಸುವುದೇ ನಿಷಿದ್ಧವಾಯಿತು. 1972ರ ‘ದ ಗಾಡ್‌ಫಾದರ್’ ಬಂದಾಗ ಪಾತಕಿಗೊಂದು ಕುಟುಂಬ ಸಿಕ್ಕಿತು, ಗಾಂಭೀರ್ಯ ಸಿಕ್ಕಿತು. ಆ ಚಿತ್ರದ ಕೊನೆಯಲ್ಲಿ ಹೆಂಡತಿ ಕೇ ಗಂಡ ಮೈಕಲ್‌ನನ್ನು ಕೊಲೆಯ ಬಗ್ಗೆ ಕೇಳುತ್ತಾಳೆ. ಅವನು ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳುತ್ತಾನೆ. ಬಾಗಿಲು ಮುಚ್ಚುತ್ತದೆ, ಹೆಂಡತಿ ಹೊರಗೆ ಉಳಿಯುತ್ತಾಳೆ. ‘ಕಾಲೇಜ್’ ಆ ಬಾಗಿಲನ್ನು ಅರ್ಧ ತೆರೆದಿಡುತ್ತದೆ. ಪೂರ್ತಿ ಸುಳ್ಳು ಕೇಳಿದವರಿಗೆ ತಾವು ಮೋಸಹೋದೆವು ಎನ್ನುವ ದಾರಿಯಾದರೂ ಉಂಟು. ಅರ್ಧ ಸತ್ಯ ತಿಳಿದವರಿಗೆ ಆ ದಾರಿಯೂ ಇಲ್ಲ. ತಿಳಿದೂ ಸುಮ್ಮನಿರುವ ಕೆಲಸಕ್ಕೆ ಅವರು ಅಂದಿನಿಂದಲೇ ಸೇರಿಕೊಂಡಂತೆ.

ಕಥೆ ಸರಳ. ದಾರಿಯ ಪೆಟ್ರೋಲ್ ಬಂಕೊಂದರಲ್ಲಿ ಟೋನಿಗೆ ಒಬ್ಬ ಹಳೆಯ ಪರಿಚಿತ ಕಾಣಿಸುತ್ತಾನೆ: ಫೇಬಿಯನ್ ಪೆಟ್ರುಲಿಯೊ. ಹಿಂದೆ ತನ್ನ ಸಂಗಡಿಗರ ವಿರುದ್ಧ ಸಾಕ್ಷಿ ಹೇಳಿ, ಸರ್ಕಾರದ ರಕ್ಷಣೆಯಲ್ಲಿ ಹೆಸರು ಬದಲಿಸಿಕೊಂಡು, ಈಗ ಪ್ರವಾಸಿ ಏಜೆನ್ಸಿ ನಡೆಸುತ್ತಿರುವವನು. ‘ಗುಡ್‌ಫೆಲಾಸ್’ (1990) ಚಿತ್ರದ ಹೆನ್ರಿ ಹಿಲ್ ಇಂಥದೇ ರಕ್ಷಣೆ ಪಡೆದು ಮರೆಯಾಗುವಲ್ಲಿಗೆ ಆ ಸಿನಿಮಾ ಮುಗಿದಿತ್ತು. ಧಾರಾವಾಹಿಯ ಸೃಷ್ಟಿಕರ್ತ ಡೇವಿಡ್ ಚೇಸ್ ಆ ಮರೆಯಾದವನ ಮನೆ ಹುಡುಕಿಕೊಂಡು ಹೊರಟಂತಿದೆ. ಮಗಳನ್ನು ಸಂದರ್ಶನಕ್ಕೆ ಬಿಟ್ಟು ಬಂದ ಟೋನಿ ಹಾಡಹಗಲಿನಲ್ಲಿ, ಬರಿಗೈಯಲ್ಲಿ ಹಿಡಿದ ತಂತಿಯಿಂದ ಅವನ ಕತ್ತು ಬಿಗಿದು ಕೊಲ್ಲುತ್ತಾನೆ. ಈ ದೃಶ್ಯದಲ್ಲಿ ನಿರ್ದೇಶಕ ಆಲನ್ ಕೂಲ್ಟರ್ ಅವಸರಪಡುವುದಿಲ್ಲ. ಟೋನಿಯ ಪಾತ್ರಧಾರಿ ಜೇಮ್ಸ್ ಗ್ಯಾಂಡಲ್ಫೀನಿಯ ಮುಖದಲ್ಲಿ ಶ್ರಮ ಕಾಣುತ್ತದೆ, ಕೋಪ ಕಾಣುತ್ತದೆ, ಬಹಳ ಕಾಲದ ನಂತರ ತನಗೆ ಗೊತ್ತಿರುವ ಕೆಲಸವನ್ನು ಮಾಡುತ್ತಿರುವವನ ಉಲ್ಲಾಸವೂ ಕಾಣುತ್ತದೆ. ತಂತಿ ಅವನ ಅಂಗೈಯನ್ನೂ ಕೊಯ್ಯುತ್ತದೆ. ನಮಗೆ ಅಷ್ಟರಲ್ಲಾಗಲೇ ಪ್ರಿಯನಾಗಿದ್ದ, ಮಗಳೊಂದಿಗೆ ನಗುನಗುತ್ತಾ ಊಟ ಮಾಡಿದ ಮನುಷ್ಯನೇ ಇವನು ಎಂಬುದನ್ನು ಆ ದೀರ್ಘ ದೃಶ್ಯ ಕಣ್ಣು ಮುಚ್ಚಲು ಬಿಡದೆ ತೋರಿಸುತ್ತದೆ.

ಜಾಹೀರಾತುದಾರರ ಹಂಗಿನಲ್ಲಿದ್ದ ವಾಹಿನಿಗಳು ನಾಯಕನ ಕೈಯಲ್ಲಿ ಇಂಥ ಕೊಲೆ ಮಾಡಿಸಲು ಒಪ್ಪುತ್ತಿರಲಿಲ್ಲ. ಚಂದಾದಾರರ ದುಡ್ಡಿನಲ್ಲಿ ನಡೆಯುತ್ತಿದ್ದ ಎಚ್‌ಬಿಒಗೂ ಅಳುಕಿತ್ತು. ಆಗ ಅಲ್ಲಿನ ಮುಖ್ಯಸ್ಥರಲ್ಲೊಬ್ಬರಾಗಿದ್ದ ಕ್ರಿಸ್ ಆಲ್‌ಬ್ರೆಕ್ಟ್, ಐದನೆಯ ಕಂತಿಗೇ ಪ್ರೇಕ್ಷಕರು ನಾಯಕನನ್ನು ತೊರೆಯುತ್ತಾರೆಂದು ಆಕ್ಷೇಪಿಸಿದರು. ಟೋನಿಯಂಥವನು ದ್ರೋಹಿಯನ್ನು ಕಂಡೂ ಬಿಟ್ಟರೆ ಪಾತ್ರವೇ ಸುಳ್ಳಾಗುತ್ತದೆ ಎಂಬುದು ಚೇಸ್ ಪಟ್ಟು. ಕೊಲೆ ಉಳಿಯಿತು. ಬದಲಿಗೆ ಪೆಟ್ರುಲಿಯೊನನ್ನು ಇನ್ನಷ್ಟು ಕೆಟ್ಟವನನ್ನಾಗಿಸುವ ಒಂದು ದೃಶ್ಯ ಸೇರಿತು: ಅವನು ಈಗಲೂ ಮಾದಕವಸ್ತು ಮಾರುತ್ತಾನೆ, ಟೋನಿಯನ್ನು ಮುಗಿಸಲು ಇಬ್ಬರು ವ್ಯಸನಿಗಳಿಗೆ ದುಡ್ಡಿನ ಆಸೆ ತೋರಿಸುತ್ತಾನೆ.

ಈ ರಾಜಿಯನ್ನು ಸಣ್ಣ ಸಂಗತಿಯೆಂದು ವಿಮರ್ಶಕರು ದಾಟಿಹೋಗುವುದುಂಟು. ನನಗೆ ಅದು ಸಣ್ಣದಾಗಿ ಕಾಣುವುದಿಲ್ಲ. ಅದೇ ಕಂತಿನಲ್ಲಿ ಪೆಟ್ರುಲಿಯೊ ಮೋಟೆಲಿನ ಅಂಗಳದಲ್ಲಿ ಟೋನಿಗೆ ಪಿಸ್ತೂಲಿನ ಗುರಿಯಿಡುತ್ತಾನೆ. ಮಗಳು ಜೊತೆಗಿದ್ದಾಳೆ, ಬೇರೆಯವರೂ ಸುಳಿಯುತ್ತಾರೆ, ಅವನು ಗುಂಡು ಹಾರಿಸುವುದಿಲ್ಲ. ಅವನಿಗೂ ಹೆಂಡತಿ, ಪುಟ್ಟ ಮಗಳು ಇದ್ದಾರೆ. ಅವನನ್ನು ಅಷ್ಟಕ್ಕೇ ಬಿಟ್ಟಿದ್ದರೆ ಕೊಲೆಯ ಭಾರ ಪೂರ್ತಿಯಾಗಿ ಟೋನಿಯ ಮೇಲೆ, ಅವನನ್ನು ಮೆಚ್ಚಿದ ನಮ್ಮ ಮೇಲೆ ಬೀಳುತ್ತಿತ್ತು. ಸೇರಿಸಿದ ದೃಶ್ಯ ಆ ಭಾರವನ್ನು ಇಳಿಸಿತು. ಚೇಸ್ ಜೊತೆ ಈ ಕಂತನ್ನು ಬರೆದವರು ಜೇಮ್ಸ್ ಮ್ಯಾನೋಸ್ ಜೂನಿಯರ್. ಅದಕ್ಕಾಗಿ ಇಬ್ಬರಿಗೂ ಎಮ್ಮಿ ಪ್ರಶಸ್ತಿ ಬಂತು. ಇದೇ ಮ್ಯಾನೋಸ್ 2006ರಲ್ಲಿ ‘ಡೆಕ್ಸ್‌ಟರ್’ ಧಾರಾವಾಹಿಯನ್ನು ರೂಪಿಸಿದರು. ಕೊಲೆಗಾರರನ್ನಷ್ಟೇ ಕೊಲ್ಲುವ ಕೊಲೆಗಾರನ ಕಥೆ ಅದು. ಒಂದು ಕಂತಿನ ರಾಜಿ ಅಲ್ಲಿ ಇಡೀ ಧಾರಾವಾಹಿಯ ನಿಯಮವಾಯಿತು. ಮುಂದೆ ‘ಬ್ರೇಕಿಂಗ್ ಬ್ಯಾಡ್’ನ (2008–2013) ವಾಲ್ಟರ್ ವೈಟ್‌ಗೆ ಪ್ರತಿ ತಿರುವಿನಲ್ಲೂ ತನಗಿಂತ ಕ್ರೂರನಾದ ಎದುರಾಳಿ ಸಿಗುತ್ತಾ ಹೋದ, ಕಡೆಗೆ ನವನಾಜಿಗಳೇ ಬಂದರು. ನಾಜಿಗಳ ಎದುರು ನಿಲ್ಲಿಸಿದರೆ ಯಾವ ನಾಯಕ ತಾನೇ ಗೆಲ್ಲಬಾರದು?

ಕಂತಿನ ಇನ್ನೊಂದು ಅರ್ಧ ನ್ಯೂಜೆರ್ಸಿಯ ಮನೆಯಲ್ಲಿ ನಡೆಯುತ್ತದೆ. ಗಂಡ ಊರಲ್ಲಿಲ್ಲ, ಹೊರಗೆ ಮಳೆ, ಟೋನಿಯ ಹೆಂಡತಿ ಕಾರ್ಮೆಲಾಗೆ ಜ್ವರದ ಬಳಲಿಕೆ. ಅವಳ ಅಡುಗೆಯ ರುಚಿ ಬಲ್ಲ ಫಾದರ್ ಫಿಲ್ ಬರುತ್ತಾರೆ. ಇಬ್ಬರೂ ‘ದ ರಿಮೇನ್ಸ್ ಆಫ್ ದ ಡೇ’ ಸಿನಿಮಾ ನೋಡುತ್ತಾರೆ. ಧಣಿಯ ರಾಜಕೀಯ ಪಾಪವನ್ನು ಕಂಡೂ ಕಾಣದಂತೆ ಜೀವಮಾನವಿಡೀ ಸೇವೆ ಮಾಡಿದ ಮನೆಯಾಳಿನ ಕಥೆ ಅದು; ಈ ಮನೆಯ ಸೋಫಾದಲ್ಲಿ ಕೂತು ನೋಡಲು ಅದಕ್ಕಿಂತ ಕಠೋರವಾದ ಚಿತ್ರ ಇರಲಾರದು. ಆಗ ಕಾರ್ಮೆಲಾ ಒಡೆದುಹೋಗುತ್ತಾಳೆ. ತಪ್ಪೆಂದು ಗೊತ್ತಿದ್ದದ್ದನ್ನು ಮನೆಯೊಳಗೆ ಬಿಟ್ಟುಕೊಂಡೆ, ಮಕ್ಕಳನ್ನೂ ಅದರಲ್ಲಿ ಸೇರಿಸಿದೆ, ಚೆನ್ನಾಗಿರುವುದೆಲ್ಲ ತನಗೆ ಬೇಕಿತ್ತು ಎಂದು ಪಾಪನಿವೇದನೆ ಮಾಡುತ್ತಾಳೆ. ಈಡೀ ಫಾಲ್ಕೋ ಅವರ ಅಭಿನಯದಲ್ಲಿ ಈ ಮಾತುಗಳಿಗೆ ನಾಟಕೀಯತೆಯ ಸೋಂಕಿಲ್ಲ. ಪಾದ್ರಿ ಕ್ಷಮೆ ನೀಡಿ ಪರಮಪ್ರಸಾದ ಕೊಡುತ್ತಾರೆ. ಬೆಳಗಾಗುವಷ್ಟರಲ್ಲಿ ಆ ಪಶ್ಚಾತ್ತಾಪ ಎಲ್ಲಿಯೂ ತಲುಪಿಲ್ಲ. ಗಂಡನ ಮನೋವೈದ್ಯೆ ಹೆಂಗಸೆಂದು ಅವಳಿಗೆ ಅದೇ ರಾತ್ರಿ ಫೋನಿನಲ್ಲಿ ಗೊತ್ತಾಗಿರುತ್ತದೆ. ಮರಳಿದ ಟೋನಿಯೊಂದಿಗಿನ ಜಗಳ ಅದರ ಸುತ್ತ ನಡೆಯುತ್ತದೆ, ಹಣದ ಮೂಲದ ಸುತ್ತ ಅಲ್ಲ.

ನಮ್ಮಲ್ಲಿ ಪ್ರಚಲಿತವಾದ ಒಂದು ಕಥೆಯಿದೆ. ಹೆಂಡತಿ ಮಕ್ಕಳಿಗಾಗಿ ದಾರಿಹೋಕರನ್ನು ದೋಚುವವನನ್ನು ನಾರದ ಕೇಳುತ್ತಾನೆ: ನಿನ್ನ ಗಳಿಕೆಯಲ್ಲಿ ಪಾಲು ಪಡೆಯುವವರು ಪಾಪದಲ್ಲೂ ಪಾಲು ಪಡೆಯುತ್ತಾರೆಯೇ? ಮನೆಯವರು ಇಲ್ಲವೆನ್ನುತ್ತಾರೆ, ಅವನ ಕಣ್ಣು ತೆರೆಯುತ್ತದೆ. ಆ ಕಥೆಯಲ್ಲಿ ಮನೆಯವರ ಉತ್ತರಕ್ಕಿರುವುದು ಒಂದೇ ಕೆಲಸ, ದರೋಡೆಕೋರನನ್ನು ಬದಲಿಸುವುದು. ಅವನು ತಪಸ್ಸಿಗೆ ಹೋದ ಮೇಲೆ, ಅವನು ದೋಚಿ ತಂದ ಅನ್ನವನ್ನು ಉಂಡವರ ಗತಿಯೇನೆಂದು ಯಾರೂ ಕೇಳುವುದಿಲ್ಲ. ‘ಕಾಲೇಜ್’ ಕೇಳುವುದು ಆ ಉಂಡವರನ್ನೇ. ಇಲ್ಲಿ ಹೆಂಡತಿ ಪಾಪದ ಪಾಲನ್ನು ಬಾಯಿಬಿಟ್ಟು ಒಪ್ಪಿಕೊಳ್ಳುತ್ತಾಳೆ, ಕ್ಷಮೆ ಪಡೆಯುತ್ತಾಳೆ, ಗಳಿಕೆಯನ್ನೂ ಇಟ್ಟುಕೊಳ್ಳುತ್ತಾಳೆ. ಈ ಪರಂಪರೆಯ ಅತ್ಯಂತ ಧೀರ ಒಳನೋಟ ಇದು. ಗಂಡಸಿನ ಕ್ರೌರ್ಯವನ್ನು ತೋರಿಸಿದ ಕೃತಿಗಳು ಬೇಕಾದಷ್ಟಿವೆ. ಕ್ರೌರ್ಯದ ಹಣದಲ್ಲಿ ಶಾಲೆಯ ಫೀಜು, ಅಡುಗೆಮನೆಯ ಹೊಸ ಪಾತ್ರೆ, ಕಾಲೇಜಿನ ಸೀಟು ಆಗುವುದನ್ನು ಇಷ್ಟು ಹತ್ತಿರದಿಂದ ತೋರಿಸಿದವು ತೀರ ಕಡಿಮೆ.

ಅನುಯಾಯಿಗಳು ಕಳೆದುಕೊಂಡದ್ದು ಇದನ್ನೇ. ‘ಬ್ರೇಕಿಂಗ್ ಬ್ಯಾಡ್’ನ ಸ್ಕೈಲರ್ ಗಂಡನ ದುಷ್ಟತನವನ್ನು ಪ್ರಶ್ನಿಸುವ ಹೆಂಡತಿ. ಪ್ರೇಕ್ಷಕರು ಅವಳನ್ನು ಎಷ್ಟು ದ್ವೇಷಿಸಿದರೆಂದರೆ, ಆ ಪಾತ್ರ ಮಾಡಿದ ಆ್ಯನಾ ಗನ್ 2013ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಅದರ ಬಗ್ಗೆ ಬರೆಯಬೇಕಾಯಿತು. ತಪ್ಪು ಕೇವಲ ನೋಡುಗರದಲ್ಲ. ನಾಯಕನ ಜಾಣತನದ ಮೋಜಿನಲ್ಲಿ ನಮ್ಮನ್ನು ಕೂರಿಸಿದ ಮೇಲೆ ಅವನನ್ನು ತಡೆಯುವವಳು ಅಡ್ಡಿಯಾಗಿಯೇ ಕಾಣುತ್ತಾಳೆ. ‘ಪೀಕಿ ಬ್ಲೈಂಡರ್ಸ್’ನಲ್ಲಿ ಅಪರಾಧಿ ಕುಟುಂಬ ಉಡುಪು, ಹೊಗೆ, ಸಂಗೀತದ ಸೊಗಸಿನಲ್ಲಿ ಕರಗುತ್ತದೆ. ಇಡೀ ಸಂಸಾರವನ್ನು ಹಣ ಬಿಳಿ ಮಾಡುವ ದಂಧೆಗಿಳಿಸಿದ ‘ಓಜಾರ್ಕ್’ (2017–2022) ಮಾತ್ರ ಚೇಸ್ ತೋರಿದ ದಾರಿಯಲ್ಲಿ ಸ್ವಲ್ಪ ದೂರ ನಡೆಯಿತು. ಆದರೆ ಅಲ್ಲಿ ಕಂತಿಗೊಂದು ಅಪಾಯ ಬಂದೆರಗುವ ಭರದಲ್ಲಿ ಯಾರಿಗೂ ಕಾರ್ಮೆಲಾಳಂತೆ ಕೂತು ಯೋಚಿಸಲು ಬಿಡುವಿಲ್ಲ.

ಮೆಡೋಳ ಕಡೆಗೆ ಮತ್ತೆ ನೋಡಬೇಕು. ಕೊಲೆಯ ನಂತರ ಅವಳು ಅಪ್ಪನ ಕೈಗಾಯವನ್ನೂ ಬೂಟಿನ ಕೆಸರನ್ನೂ ಗಮನಿಸಿ ಪ್ರಶ್ನಿಸುತ್ತಾಳೆ, ಅವನು ಸುಳ್ಳು ಹೇಳುತ್ತಾನೆ, ಅದು ಸುಳ್ಳೆಂದು ಅವಳಿಗೆ ತಿಳಿಯುತ್ತದೆ. 86 ಕಂತುಗಳ ಧಾರಾವಾಹಿ 2007ರ ಜೂನ್ 10ರಂದು ಮುಗಿಯಿತು. ಪರದೆ ಏಕಾಏಕಿ ಕಪ್ಪಾದದ್ದರ ಬಗ್ಗೆ, ಟೋನಿ ಸತ್ತನೋ ಉಳಿದನೋ ಎಂಬುದರ ಬಗ್ಗೆ ಜಗತ್ತು ಇಂದಿಗೂ ವಾದಿಸುತ್ತಿದೆ. ಅದೇ ಕೊನೆಯ ಕಂತಿನಲ್ಲಿ ವೈದ್ಯಕೀಯದ ಆಸೆ ಬಿಟ್ಟು ಕಾನೂನು ಓದಲು ಹೊರಟ ಮೆಡೋ ಅಪ್ಪನಿಗೆ ಕಾರಣ ಹೇಳುತ್ತಾಳೆ: ಎಫ್‌ಬಿಐನವರು ನಿನ್ನನ್ನು ಎಳೆದೊಯ್ಯುವುದನ್ನು ಕಂಡದ್ದರಿಂದಲೇ ಈ ನಿರ್ಧಾರ ಮಾಡಿದೆ ಎಂದು. ಮೇನ್‌ನ ರಸ್ತೆಯಲ್ಲಿ ನೇರವಾಗಿ ಕೇಳಿದ ಹುಡುಗಿ ಎಂಟು ವರ್ಷಗಳಲ್ಲಿ ಅಪ್ಪನನ್ನು ಅನ್ಯಾಯಕ್ಕೊಳಗಾದವನೆಂದು ನಿಜಕ್ಕೂ ನಂಬಿದ್ದಾಳೆ. ಟೋನಿಯ ಸಾವುಬದುಕಿನ ಚರ್ಚೆಗೆ ಸಿಕ್ಕ ಪುಟಗಳಲ್ಲಿ ಒಂದು ಭಾಗವಾದರೂ ಈ ಸಂಭಾಷಣೆಗೆ ಸಿಗಬೇಕಿತ್ತು.