ಕಾಲಕೇಯನ ಮಾತು, ನಮ್ಮ ಮನೆಯ ಮಾತು

‘ಬಾಹುಬಲಿ’ ಒಳ್ಳೆಯ ಚಿತ್ರವೇ ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಹತ್ತು ವರ್ಷಗಳಿಂದ ಎರಡು ಉತ್ತರಗಳಿವೆ. ಒಂದು ನನ್ನದು, ಇನ್ನೊಂದು ನನ್ನ ಹೆಂಡತಿಯದು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಈ ಜಗಳ ಮಾತ್ರ ನಾವು ಎಷ್ಟು ಸಲ ಉಂಡು ಮಲಗಿ ಎದ್ದರೂ ಹಾಗೆಯೇ ಉಳಿದಿದೆ. ಇಬ್ಬರ ಖಾಸಗಿ ಜಗಳವನ್ನು ವಾರ್ಷಿಕ ಸಂಚಿಕೆಯೊಂದರ ವಿಮರ್ಶೆಯ ಪುಟಗಳಿಗೆ ತರುವುದು ಎಷ್ಟು ಸರಿ ಎಂದು ಸಹೃದಯರು ಕೇಳಬಹುದು. ಅದರ ಬೇರು ಗಡಿಯ ಮನೆಗಳಲ್ಲೆಲ್ಲ ಇರುವಂಥದ್ದು ಎಂದು ನನಗೆ ತೋರಿದ್ದರಿಂದ ಈ ಬರಹ.

ನಮ್ಮೂರು ಕೋಸಗಿ, 2019ರಿಂದ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಗೆ ಸೇರಿದೆ. ಪಕ್ಕದ ಕೊಡಂಗಲ್ ತಾಲ್ಲೂಕು 1956ರವರೆಗೆ ಗುಲಬರ್ಗಾ ಜಿಲ್ಲೆಯಲ್ಲಿತ್ತು. ಕಾಸರಗೋಡು ಕೇರಳಕ್ಕೆ ಹೋದ ಆ ನವೆಂಬರ್ 1ರಂದೇ ಈ ಸೀಮೆ ಆಂಧ್ರಪ್ರದೇಶಕ್ಕೆ ಸಂದಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ತೆಲುಗು ಉರ್ದು ಕನ್ನಡ ಕಲಸಿದ ಮಾತು. ನಾನು ಇಲ್ಲಿಯ ಬ್ಯಾಂಕೊಂದರಲ್ಲಿ ಗುಮಾಸ್ತ. ನನ್ನ ಹೆಂಡತಿ ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನವಳು. ತುಂಗಭದ್ರೆಯ ಕಾಲುವೆ ಬಂದ ಮೇಲೆ ಆಂಧ್ರದ ರೈತರು ಬಂದು ಕಟ್ಟಿಕೊಂಡ ‘ಕ್ಯಾಂಪು’ಗಳ ನಡುವೆ ಬೆಳೆದವಳಾದ್ದರಿಂದ ತೆಲುಗು ಅವಳಿಗೆ ಓಣಿಯ ಭಾಷೆ. ಅಂಥದೇ ಒಂದು ಕ್ಯಾಂಪಿನಲ್ಲಿ, ಮಾನ್ವಿ ತಾಲ್ಲೂಕಿನ ಅಮರೇಶ್ವರ ಕ್ಯಾಂಪಿನಲ್ಲಿ, 1973ರಲ್ಲಿ ಹುಟ್ಟಿದವರು ‘ಬಾಹುಬಲಿ’ಯ ನಿರ್ದೇಶಕ ಎಸ್.ಎಸ್. ರಾಜಮೌಳಿ. ಆದ್ದರಿಂದ ಚಿತ್ರವನ್ನು ನೋಡುವ ಮೊದಲೇ ಅವಳು ಅರ್ಧ ಒಪ್ಪಿಕೊಂಡಿದ್ದಳು ಎಂದು ನಾನು ಹಂಗಿಸುವುದುಂಟು. ನೋಡುವ ಮೊದಲೇ ನಾನು ಅರ್ಧ ತಿರಸ್ಕರಿಸಿದ್ದೆ ಎಂದು ಅವಳು ತಿರುಗಿ ಹೇಳುವುದೂ ಉಂಟು. ಎರಡೂ ನಿಜವಿರಬಹುದು.

ಮೊದಲ ಭಾಗ ತೆರೆಗೆ ಬಂದದ್ದು 2015ರ ಜುಲೈ 10ರಂದು. ತೆಲುಗು ಮತ್ತು ತಮಿಳಿನಲ್ಲಿ ಒಟ್ಟಿಗೇ ಚಿತ್ರಿಸಿದ್ದನ್ನು ಮಲಯಾಳಂ, ಹಿಂದಿಗಳಿಗೆ ಡಬ್ ಮಾಡಿದರು. ಕನ್ನಡದಲ್ಲಿ ಬರಲಿಲ್ಲ, ಡಬ್ಬಿಂಗ್ ಬೇಡವೆಂಬ ಕಟ್ಟಳೆ ಆಗ ಕನ್ನಡ ಚಿತ್ರರಂಗದಲ್ಲಿ ಇನ್ನೂ ಬಿಗಿಯಾಗಿತ್ತು. ಹೀಗೆ ಕನ್ನಡದ ನೆಲದಲ್ಲಿ ಹುಟ್ಟಿದ ನಿರ್ದೇಶಕ, ತುಳುನಾಡಿನ ಮಗಳಾದ ಅನುಷ್ಕಾ ಶೆಟ್ಟಿ ದೇವಸೇನೆಯ ಪಾತ್ರದಲ್ಲಿ, ಕೇರಳದ ಅದಿರಪ್ಪಿಳ್ಳಿಯ ಜಲಪಾತ, ಎರಡನೆಯ ಭಾಗಕ್ಕೆ ಕಣ್ಣೂರಿನ ಕಣ್ಣವಂ ಕಾಡು - ಇವೆಲ್ಲ ಸೇರಿ ಆದ ಚಿತ್ರವನ್ನು ಮಲಯಾಳಿಗಳು ತಮ್ಮ ಭಾಷೆಯಲ್ಲಿ ನೋಡಿದರು, ಕನ್ನಡಿಗರು ತೆಲುಗಿನಲ್ಲಿ ನೋಡಿದರು. ನಮಗೇನೋ ಅದರಿಂದ ತೊಂದರೆಯಾಗಲಿಲ್ಲ. ಆರು ವರ್ಷದ ಮಗಳನ್ನು ಕರೆದುಕೊಂಡು ಮೂವರೂ ಹೋಗಿ ನೋಡಿದೆವು. ಹಿಂದಿರುಗುವ ಬಸ್ಸಿನಲ್ಲೇ ಜಗಳ ಹತ್ತಿಕೊಂಡಿತು.

ನನ್ನ ಆಕ್ಷೇಪಗಳು ಮೂರು. ಮೊದಲನೆಯದು ಹೆಸರಿನದು. ಬಾಹುಬಲಿ ಎಂದೊಡನೆ ಕನ್ನಡಿಗನ ಮನಸ್ಸು ಶ್ರವಣಬೆಳಗೊಳದ ಬೆಟ್ಟ ಏರುತ್ತದೆ. ನಿಮ್ಮ ಕಡೆಯವರಿಗೆ ಕಾರ್ಕಳ, ವೇಣೂರುಗಳೂ ಇವೆ. ಪಂಪ ‘ಆದಿಪುರಾಣ’ದಲ್ಲಿ ಹೇಳಿದ ಬಾಹುಬಲಿ ಅಣ್ಣನಾದ ಭರತನನ್ನು ಗೆದ್ದು, ಗೆದ್ದ ಗಳಿಗೆಯಲ್ಲೇ ರಾಜ್ಯದ ಮೇಲೆ ಹೇಸಿಕೆ ಹುಟ್ಟಿ, ಅದನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಂತವನು. ಅಂಥವನ ಹೆಸರಿಟ್ಟುಕೊಂಡು ಸಿಂಹಾಸನಕ್ಕಾಗಿ ದಾಯಾದಿಗಳ ಎರಡು ತಲೆಮಾರಿನ ಕಾದಾಟವನ್ನು ತೋರಿಸುವುದು ಔಚಿತ್ಯವೇ ಎಂಬುದು ನನ್ನ ಪ್ರಶ್ನೆಯಾಗಿತ್ತು. ಎರಡನೆಯದು ಅವಂತಿಕೆಯದು. ಕತ್ತಿ ಹಿಡಿದು ಕಾಡಿನಲ್ಲಿ ಹೋರಾಡುವ ಹೆಣ್ಣನ್ನು ನಾಯಕ ಹಿಡಿದು, ಅವಳ ಒಪ್ಪಿಗೆಯಿಲ್ಲದೆ ಸಿಂಗರಿಸಿ ‘ಹೆಣ್ಣು’ ಮಾಡುವ ದೃಶ್ಯ ನನಗೆ ಅಸಹ್ಯವೆನಿಸಿತು. ಆ ದೃಶ್ಯದ ಬಗ್ಗೆ ಆಗ ಇಂಗ್ಲಿಷ್ ಪತ್ರಿಕೆಗಳಲ್ಲೂ ದೊಡ್ಡ ಚರ್ಚೆ ನಡೆಯಿತು. ಮೂರನೆಯದು ಕಾಲಕೇಯರದು. ಅದನ್ನು ಮುಂದೆ ಹೇಳುತ್ತೇನೆ.

ನನ್ನ ಹೆಂಡತಿಯ ವಾದ ಪುಸ್ತಕದ ವಾದವಲ್ಲ. “ಅಲ್ರೀ, ನಿಮಗ ಅದರಾಗ ಏನಿಲ್ಲ ಅನ್ನೋದೇ ಕಾಣ್ತದ. ಏನದ ಅನ್ನೋದು ಯಾಕ ಕಾಣಂಗಿಲ್ಲ?” ಎಂದು ಶುರುಮಾಡಿದಳು. ಅವಳಿಗೆ ಕಂಡದ್ದು ಹೊಳೆಯ ನೀರಿನಲ್ಲಿ ಮುಳುಗುತ್ತಿದ್ದರೂ ಕೂಸನ್ನು ಒಂದೇ ಕೈಯಲ್ಲಿ ಮೇಲೆತ್ತಿ ಹಿಡಿದ ಶಿವಗಾಮಿ. ರಮ್ಯಾಕೃಷ್ಣ ಆ ಪಾತ್ರದಲ್ಲಿ ಎರಡು ಹಸುಗೂಸುಗಳಿಗೆ ಹಾಲೂಡಿಸುತ್ತಲೇ ರಾಜ್ಯವಾಳಿದ ರೀತಿ ಅವಳಿಗೆ ಕಂಡಿತು. ಇಪ್ಪತ್ತೈದು ವರ್ಷ ಸಂಕೋಲೆಯಲ್ಲಿದ್ದು, ತನ್ನನ್ನು ಸೆರೆಯಿಟ್ಟವನ ಚಿತೆಗೆಂದೇ ಒಂದೊಂದು ಕಡ್ಡಿ ಆಯ್ದು ಕೂಡಿಡುವ ದೇವಸೇನೆ ಕಂಡಳು. ಹೆಣ್ಣುಮಕ್ಕಳ ಕಣ್ಣೀರನ್ನು ತೋರಿಸಿಯೇ ಹಣ ಮಾಡಿದ ಎಷ್ಟೋ ‘ಸಾಂಸಾರಿಕ’ ಚಿತ್ರಗಳನ್ನು ನಾವಿಬ್ಬರೂ ನೋಡಿದ್ದೆವು. ಕೇಡನ್ನು ಮರೆಯದೆ, ಅಳದೆ, ಕಡ್ಡಿ ಎಣಿಸುತ್ತ ಕೂತ ಹೆಂಗಸನ್ನು ಅವಳು ತೆರೆಯ ಮೇಲೆ ಕಂಡದ್ದು ಅದೇ ಮೊದಲಂತೆ.

ಯುದ್ಧದ ವಿಷಯದಲ್ಲೂ ಅವಳು ನನಗಿಂತ ಚೆನ್ನಾಗಿ ಚಿತ್ರವನ್ನು ಓದಿದ್ದಳು ಎಂದು ಒಪ್ಪಬೇಕು. ಕಾಲಕೇಯರ ನಾಯಕನನ್ನು ಕೊಂದವನಿಗೆ ಪಟ್ಟ ಎಂಬ ಪಣವಿರುತ್ತದೆ. ಕೊಲ್ಲುವವನು ಭಲ್ಲಾಳದೇವ. ಆದರೆ ಶಿವಗಾಮಿ ಪಟ್ಟವನ್ನು ಬಾಹುಬಲಿಗೆ ಕೊಡುತ್ತಾಳೆ. ವೈರಿಗಳು ಗುರಾಣಿಯಂತೆ ಮುಂದೆ ನಿಲ್ಲಿಸಿದ್ದ ತನ್ನ ಜನರನ್ನು ಭಲ್ಲಾಳ ರಥ ಹರಿಸಿ ಕೊಂದರೆ, ಬಾಹುಬಲಿ ಅವರನ್ನು ಉಳಿಸಿದ ಎಂಬ ಕಾರಣಕ್ಕೆ. “ಗೆದ್ದಾಂವ ದೊಡ್ಡಾಂವಲ್ಲ, ಉಳಿಸಿದಾಂವ ದೊಡ್ಡಾಂವ ಅಂತ ಹೇಳಿದ್ದು ನಿಮಗ ಕೇಳಿಸಲಿಲ್ಲೇನು?” ಎಂದಳು. ನನಗೆ ಕೇಳಿಸಿರಲಿಲ್ಲ. ಆ ಹೊತ್ತಿಗೆ ನಾನು ಕಂಪ್ಯೂಟರಿನಲ್ಲಿ ಕಟ್ಟಿದ ಕೋಟೆಯ ಕಲ್ಲುಗಳನ್ನು ಲೆಕ್ಕ ಹಾಕುತ್ತಿದ್ದೆ.

2017ರ ಏಪ್ರಿಲ್ 28ರಂದು ಎರಡನೆಯ ಭಾಗ ಬಂತು. ನನ್ನ ಮೊದಲ ಆಕ್ಷೇಪವನ್ನು ಆ ಭಾಗವೇ ಅಲುಗಾಡಿಸಿತು. ಸಿಂಹಾಸನವೋ ದೇವಸೇನೆಯೋ ಎಂಬ ಪ್ರಶ್ನೆ ಎದುರಾದಾಗ ಅಮರೇಂದ್ರ ಬಾಹುಬಲಿ ಕೊಟ್ಟ ಮಾತಿಗಾಗಿ ಸಿಂಹಾಸನ ಬಿಡುತ್ತಾನೆ. ಮುಂದೆ ಅರಮನೆಯಿಂದಲೂ ಹೊರಬಿದ್ದು ಜನರ ನಡುವೆ ಬದುಕುತ್ತಾನೆ. ಅದು ವೈರಾಗ್ಯವಲ್ಲ, ನಿಜ. ಬೆಳಗೊಳದ ನಿಲುವಿಗೂ ಇದಕ್ಕೂ ಬಹಳ ದೂರ. ಆದರೂ ಹೆಸರಿಗೆ ಅಪಚಾರವಾಯಿತು ಎಂದು ಕೂಗುವಂತಿಲ್ಲ. ಈ ಆಕ್ಷೇಪವನ್ನು ನಾನು ಹಿಂದಕ್ಕೆ ಪಡೆದೆ.

ಎರಡನೆಯ ಆಕ್ಷೇಪ ಇತ್ಯರ್ಥವಾಗಲು 2025ರ ಅಕ್ಟೋಬರ್ 31ರವರೆಗೆ ಕಾಯಬೇಕಾಯಿತು. ಎರಡೂ ಭಾಗಗಳನ್ನು ಕೂಡಿಸಿ ಒಂದೇ ಚಿತ್ರವಾಗಿ ಅಂದು ಮತ್ತೆ ತೆರೆಗೆ ತಂದರು. ಅದಕ್ಕಾಗಿ ಅವಂತಿಕೆಯ ಪ್ರೇಮಪ್ರಸಂಗವನ್ನೂ ಅದರ ಹಾಡನ್ನೂ ನಿರ್ದೇಶಕರೇ ತೆಗೆದುಹಾಕಿದ್ದರು. ಕಾರಣ ಕಥೆಯ ಓಟ ಮತ್ತು ಚಿತ್ರದ ಉದ್ದವೇ ಹೊರತು ನನ್ನಂಥವರ ಟೀಕೆಯಲ್ಲ. ಆದರೂ, ಕತ್ತರಿಸಿ ತೆಗೆದರೂ ಕಥೆಗೆ ಏನೂ ಕುಂದಾಗದ ಭಾಗ ಅದೆಂಬುದು ಅಲ್ಲಿಗೆ ಸಾಬೀತಾಯಿತು. ಇಲ್ಲಿ ನನ್ನ ಹೆಂಡತಿ ಸೋತಳೆಂದು ನಾನು ಹಿಗ್ಗಿದೆ. “ನಾ ಯಾವಾಗ ಅದನ್ನ ಚಲೋ ಅಂದಿದ್ದೆ?” ಎಂದಳು. ನೆನಪು ಮಾಡಿಕೊಂಡರೆ, ಆ ದೃಶ್ಯದ ಪರವಾಗಿ ಅವಳು ಒಂದು ದಿನವೂ ಮಾತಾಡಿರಲಿಲ್ಲ. ಅವಳು ದೇವಸೇನೆಯ ಮಾತಾಡುವಾಗಲೆಲ್ಲ ನಾನೇ ಅವಂತಿಕೆಯನ್ನು ಎಳೆದು ತರುತ್ತಿದ್ದೆ.

ಉಳಿದದ್ದು ಮೂರನೆಯದು, ಕಾಲಕೇಯರು. ಕಾಲಕೇಯರೆಂಬ ಹೆಸರು ಮಹಾಭಾರತದ್ದು; ವನಪರ್ವದಲ್ಲಿ ಅರ್ಜುನ ಇಂದ್ರನಿಗಾಗಿ ಕೊಂದ ಅಸುರರು. ಈ ಕಥೆಯನ್ನು ಮಲಯಾಳಂ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಕೋಟ್ಟಯತ್ತು ತಂಬುರಾನರ ‘ನಿವಾತಕವಚ ಕಾಲಕೇಯವಧಂ’ ಕಥಕಳಿಯ ದೊಡ್ಡ ಆಟ್ಟಕಥೆಗಳಲ್ಲೊಂದು. ಆ ಕೋಟ್ಟಯಂ ಇರುವುದು ಇದೇ ಕಣ್ಣೂರು ಜಿಲ್ಲೆಯಲ್ಲಿ, ಚಿತ್ರತಂಡ ಕ್ಯಾಮೆರಾ ಹೊತ್ತು ಬಂದ ಕಣ್ಣವಂ ಕಾಡಿನ ಸೀಮೆಯಲ್ಲೇ. ಕಥಕಳಿಯ ಅಸುರ ಅಬ್ಬರಿಸುತ್ತಾನೆ, ನಿಜ. ಆದರೆ ಅವನಿಗೂ ಪದವುಂಟು, ಅದನ್ನು ಹಾಡುವವರು ನಾಯಕನ ಪದ ಹಾಡಿದ ಭಾಗವತರೇ. ಪಾರ್ತಿಸುಬ್ಬನ ಊರಾದ ಕುಂಬಳೆಯ ಸುತ್ತಿನ ಯಕ್ಷಗಾನದಲ್ಲಿ ಬಣ್ಣದ ವೇಷ ರಾಳದ ಬೆಂಕಿಯ ನಡುವೆ ಬಂದು ಮಕ್ಕಳನ್ನು ಹೆದರಿಸುತ್ತದೆ. ಹೆದರಿಸಿದ ಮೇಲೆ ಮಾತಾಡುತ್ತದೆ, ಒಳ್ಳೆಯ ಕನ್ನಡದಲ್ಲಿ. ತಾಳಮದ್ದಳೆಯಲ್ಲಂತೂ ಸಮರ್ಥ ಅರ್ಥಧಾರಿ ಸಿಕ್ಕರೆ ರಾವಣ ರಾಮನಿಗೆ ಉತ್ತರ ತೋಚದಂತೆ ಮಾಡಬಲ್ಲ. ಪೊಟ್ಟನ್ ತೆಯ್ಯದಲ್ಲಿ ಜಾತಿಯ ಹೆಸರಿನಲ್ಲಿ ದೂರವಿಟ್ಟವನೇ ಶಂಕರಾಚಾರ್ಯರನ್ನು ಪ್ರಶ್ನಿಸುತ್ತಾನೆ. ನಮ್ಮ ರಂಗಭೂಮಿ ವೈರಿಯನ್ನು ಕೊಲ್ಲುತ್ತದೆ, ಆದರೆ ಮಾತು ಕೊಟ್ಟು ಕೊಲ್ಲುತ್ತದೆ.

‘ಬಾಹುಬಲಿ’ ಏನು ಮಾಡಿತು? ಕಾಲಕೇಯರಿಗೆ ಕಪ್ಪು ಬಳಿದು, ಹಲ್ಲು ಹೊಲಸು ಮಾಡಿ, ‘ಕಿಲಿಕಿ’ ಎಂಬ ಹೊಸ ಭಾಷೆಯನ್ನೇ ಹುಟ್ಟಿಸಿ ಅವರ ಬಾಯಿಗಿಟ್ಟಿತು. ತಮಿಳಿನ ಮದನ್ ಕಾರ್ಕಿ ಅದಕ್ಕೆ ಸುಮಾರು 750 ಪದಗಳನ್ನೂ 40 ವ್ಯಾಕರಣ ಸೂತ್ರಗಳನ್ನೂ ಹೊಸೆದರು ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಶ್ರಮ ದೊಡ್ಡದೇ. ಆದರೆ ಅರ್ಥ ತಿಳಿಯದಿದ್ದರೂ ಕ್ರೌರ್ಯ ತಿಳಿಯಬೇಕೆಂಬ ಉದ್ದೇಶಕ್ಕೆ ನಾಲಗೆಯ ಲೊಟಕುಗಳಿಂದ ಕಟ್ಟಿದ ಭಾಷೆ ಅದು. ಎಂದರೆ, ನಮಗೆ ತಿಳಿಯದ ಮಾತನ್ನಾಡುವವನು ಮನುಷ್ಯನಿಗಿಂತ ಕೆಳಗಿನವನು ಎಂಬ ಹಳೆಯ ಭಯಕ್ಕೆ ಚಿತ್ರ ವ್ಯಾಕರಣ ಬರೆದುಕೊಟ್ಟಿತು. ಗಡಿಯಲ್ಲಿ ಬದುಕುವವನಿಗೆ ಇದು ಬರೀ ಸಿನಿಮಾದ ಮಾತಾಗಿ ಉಳಿಯುವುದಿಲ್ಲ.

ಉಳಿಯಲೂ ಇಲ್ಲ. ಚಿತ್ರ ಬಂದ ಕೆಲವು ವಾರಗಳಲ್ಲೇ ಓಣಿಯ ಮಕ್ಕಳು ಕಿಲಿಕಿ ಆಡತೊಡಗಿದರು. ಒಂದು ಸಂಜೆ ಮಗಳು ಅಳುತ್ತ ಮನೆಗೆ ಬಂದಳು. ಆಟದ ನಡುವೆ ಬಾಯಿತಪ್ಪಿ “ನಂಗ ಬ್ಯಾಡ” ಎಂದಿದ್ದಳಂತೆ. ಮಕ್ಕಳು ಅವಳನ್ನು ಸುತ್ತುಗಟ್ಟಿ “ಕಾಲಕೇಯ, ಕಾಲಕೇಯ” ಎಂದು ಕುಣಿದರಂತೆ. ಮಕ್ಕಳ ಆಟ, ದ್ವೇಷವೇನೂ ಅಲ್ಲ. ಆದರೆ ಮುಂದೆ ಬಹಳ ದಿನ ಅವಳು ಹೊಸ್ತಿಲು ದಾಟಿದ ಮೇಲೆ ಕನ್ನಡ ಆಡಲಿಲ್ಲ. ನನ್ನ ವಿಮರ್ಶೆಗೆ ಇದಕ್ಕಿಂತ ದೊಡ್ಡ ಆಧಾರ ಬೇಕೆ? ಆ ರಾತ್ರಿ ಹೆಂಡತಿಯ ಎದುರು ಇದನ್ನೇ ಗೆಲುವಿನ ಧ್ವನಿಯಲ್ಲಿ ಮಂಡಿಸಿದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೇಳಿದಳು: “ಆ ಕಾಲಕೇಯನ ಪಾರ್ಟ್ ಮಾಡಿದ ಪ್ರಭಾಕರ್ ನಮ್ಮ ಜಿಲ್ಲಾದಾಂವೇ ಅಲ್ಲೇನ್ರೀ? ಯಾರಿಗೂ ಬರಲಾರದ ಭಾಷಾ ಕಲ್ತು, ಎದಿ ಉಬ್ಬಿಸಿ ಒದರಿದ. ದೇಶಾನೇ ಕೇಳ್ತು. ನೀವು? ನಾ ಬ್ಯಾಂಕಿಗೆ ಬಂದಾಗ ನೋಡೀನಿ. ಕನ್ನಡದಾಗ ಕೇಳಿದ ಮುದುಕಿಗೂ ನೀವು ತೆಲುಗಿನಾಗ ಉತ್ತರ ಕೊಡ್ತೀರಿ, ಅದೂ ಸಣ್ಣ ದನಿಲೆ. ಹುಡುಗಿ ಬಾಯಿ ಮುಚ್ಚಿಸಿದ್ದು ಸಿನಿಮಾನ, ನೀವ?”

ಪ್ರಭಾಕರ್ ಹಳೆಯ ಮಹಬೂಬ್‌ನಗರ ಜಿಲ್ಲೆಯವರೆಂಬುದು ನಿಜ. ಕೌಂಟರಿನ ಮಾತೂ ನಿಜ. ನನ್ನ ಮುಂದೆ ಪಾಸ್‌ಪುಸ್ತಕ ಚಾಚುವವರಲ್ಲಿ ಮನೆಮಾತು ಕನ್ನಡವಾಗಿರುವವರು ಎಷ್ಟೋ ಜನ. ಅವರು ಕನ್ನಡದಲ್ಲಿ ಕೇಳಿದರೆ ನಾನು ತೆಲುಗಿನಲ್ಲಿ ಹೇಳುತ್ತಿದ್ದೆ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಸಾಲಿನಲ್ಲಿ ಹಿಂದೆ ನಿಂತವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು, ಅಷ್ಟೆ. ಮಗಳು ಹೊಸ್ತಿಲಲ್ಲಿ ಮಾಡಿದ್ದನ್ನು ನಾನು ಕೌಂಟರಿನಲ್ಲಿ ಹಲವು ವರ್ಷಗಳಿಂದ ಮಾಡುತ್ತ ಬಂದಿದ್ದೆ. ಕಿಲಿಕಿಯ ವಿರುದ್ಧ ನಾನು ಮಂಡಿಸಿದ ವಾದದಲ್ಲಿ ಆಮೇಲೆಯೂ ನನಗೆ ತಪ್ಪು ಕಾಣಲಿಲ್ಲ. ಅದನ್ನು ಮಂಡಿಸುವ ಹಕ್ಕು ನನಗೆಷ್ಟಿದೆ ಎಂಬುದು ಮಾತ್ರ ಕಾಡತೊಡಗಿತು.

ಜನಪ್ರಿಯ ಕೃತಿಯೊಂದರ ಎದುರು ನಾವು, ನಾಲ್ಕು ಅಕ್ಷರ ಕಲಿತವರು, ಸಾಮಾನ್ಯವಾಗಿ ತೀರ್ಪುಗಾರರಂತೆ ಕೂರುತ್ತೇವೆ. ನನ್ನ ಹೆಂಡತಿ ಹಾಗೆ ಕೂರಲಿಲ್ಲ. ಬಯಲಾಟಕ್ಕೆ ಹೋದವಳಂತೆ ಹೋಗಿ, ತನಗೆ ಬೇಕಾದದ್ದನ್ನು ಉಡಿಯಲ್ಲಿ ಕಟ್ಟಿಕೊಂಡು ಬಂದಳು. ಹಾಗೆಂದು ಅವಳ ಓದೇ ಪೂರ್ಣವೆಂದು ನಾನು ಹೇಳಲಾರೆ. ಅವಳು ಉಡಿಯಲ್ಲಿ ಕಟ್ಟಿಕೊಳ್ಳದೆ ಬಿಟ್ಟು ಬಂದದ್ದನ್ನು ಓಣಿಯ ಮಕ್ಕಳು ಹೆಕ್ಕಿಕೊಂಡರು. ಕೃತಿಯೊಂದು ಒಬ್ಬಳಿಗೆ ಬಲ ಕೊಟ್ಟಿತೆಂಬುದು ಇನ್ನೊಬ್ಬಳನ್ನು ಅಳಿಸಿತೆಂಬುದನ್ನು ಅಳಿಸಿಹಾಕುವುದಿಲ್ಲ. ಆ ಇಬ್ಬರೂ ಒಂದೇ ಮನೆಯ ತಾಯಿಮಗಳಾಗಿದ್ದರೂ ಸಹ.

ಕಳೆದ ಸಲ ಕೂಡಿಸಿದ ಚಿತ್ರ ನೋಡಲು ಹೋದಾಗ ಮಗಳಿಗೆ ಹದಿನಾರು. ಕಾಲಕೇಯ ಮಾತಾಡುವ ಹೊತ್ತಿಗೆ ನಾನು ಅವಳ ಮುಖ ನೋಡಿದೆ. ಅವಳು ನಗುತ್ತಿದ್ದಳು. ಹೊರಗೆ ಬಂದ ಮೇಲೆ, ಚಿಕ್ಕವಳಿದ್ದಾಗ ಅತ್ತದ್ದು ನೆನಪಿದೆಯೇ ಎಂದು ಕೇಳಿದೆ. “ಅದ, ಅಪ್ಪಾ. ಆದ್ರ ಆಂವ ಏನಂತಾನ ಅಂತ ಯಾರೂ ಹೇಳಂಗಿಲ್ಲಲ್ಲ, ಅದು ಈಗೂ ಸರಿ ಅನ್ನಿಸಂಗಿಲ್ಲ” ಎಂದಳು, ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ, ಸಾಕಷ್ಟು ಗಟ್ಟಿಯಾಗಿ. ನಾನು ಹೆಂಡತಿಯ ಕಡೆ ನೋಡಿದೆ. ಅವಳು ಕೋಸಗಿಯ ಬಸ್ಸು ಬಂತೇನೋ ಎಂದು ನೋಡುತ್ತಿದ್ದಳು.

ಚಿತ್ರ ಒಳ್ಳೆಯದೆಂದೇ ಅವಳು ಈಗಲೂ ಹೇಳುತ್ತಾಳೆ. ನಾನು ಅಲ್ಲವೆನ್ನುತ್ತೇನೆ. ಮೂರಿದ್ದ ಆಕ್ಷೇಪಗಳಲ್ಲಿ ಒಂದು ಉಳಿದಿದೆ. ಕೌಂಟರಿನಲ್ಲಿ ಮಾತ್ರ, ಕನ್ನಡದಲ್ಲಿ ಕೇಳಿದವರಿಗೆ ನಾನೀಗ ಕನ್ನಡದಲ್ಲೇ ಉತ್ತರ ಹೇಳುತ್ತೇನೆ. ದನಿ ಇನ್ನೂ ಸ್ವಲ್ಪ ಸಣ್ಣದೇ ಎಂಬುದು ಅವಳ ದೂರು.